ಏರಿನಲ್ಲಿ ನಿಂತ ಲಾರಿ

ಭಾನುವಾರದೊಳಗೆ ಈ ಲ್ಯಾಪ್‌ಟಾಪಿನ ಸೊಕ್ಕು ಮುರಿಯದಿದ್ದರೆ ತಮ್ಮನ್ನು ಇನ್ನು ಮುಂದೆ ಯಾರೂ ಆಪರೇಟರ್ ಎಂದು ಕರೆಯಬೇಕಾಗಿಲ್ಲ ಎಂದು ಆಪರೇಟರು ಊಟದ ಮೇಜಿನ ಪಕ್ಕ ನಿಂತು ಘೋಷಿಸಿದರು. ಕೇಳಿಸಿಕೊಳ್ಳಲು ಅಲ್ಲಿದ್ದದ್ದು ಹೆಂಡತಿ ಒಬ್ಬರೇ. ಆಕೆಯೂ ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಘೋಷಣೆಯ ಮುಕ್ಕಾಲು ಭಾಗ ಗೋಡೆಯ ಪಾಲಾಯಿತು.

"ಏನಂದ್ರಿ?" ಎಂದು ಆಕೆ ಒಂದು ಕಿವಿ ತೆರೆದು ಕೇಳಿದರು.

"ಇದನ್ನ ನಾನು ರಿಪೇರಿ ಮಾಡ್ತೀನಿ ಅಂದೆ."

ಆಕೆ ತೆರೆದ ಕಿವಿಯನ್ನು ಮತ್ತೆ ಮುಚ್ಚಿಕೊಂಡರು.

ಆಪರೇಟರ ಧೈರ್ಯಕ್ಕೆ ಕಾರಣ ಇಲ್ಲದಿರಲಿಲ್ಲ. ಪೇಟೆಯ ದೊಡ್ಡ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುವವರಿಗೆ ಆಪರೇಟರ್ ಎಂದು ಹೆಸರು. ಮೀಸೆ ಚಿಗುರುವ ವಯಸ್ಸಿನಲ್ಲಿ ಆ ಕ್ಯಾಬಿನ್ ಹತ್ತಿದವರು ಇಳಿದದ್ದು ಮೀಸೆ ಬೆಳ್ಳಗಾದ ಮೇಲೆ, ಅದೂ ಥಿಯೇಟರೇ ಬಾಗಿಲು ಹಾಕಿದ್ದರಿಂದ. ಧಗಧಗ ಉರಿಯುವ ಕಾರ್ಬನ್ ಕಡ್ಡಿಗಳ ಪಕ್ಕ ಬೆವರು ಸುರಿಸುತ್ತ ನಿಂತು, ಒಂದು ಯಂತ್ರದ ರೀಲು ಮುಗಿಯುವ ಹೊತ್ತಿಗೆ ಇನ್ನೊಂದು ಯಂತ್ರದ ರೀಲು ಹೊರಡುವಂತೆ ನೋಡಿಕೊಳ್ಳುವುದು ಅವರ ಕಸುಬು. ಆ ಹೊತ್ತು ಬಂತೆಂದು ತಿಳಿಸಲು ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತಿತ್ತು. ಹೌಸ್‌ಫುಲ್ ಆಗಿ ಜನ ಕಿಕ್ಕಿರಿದಿದ್ದರೂ ಆ ಚುಕ್ಕಿಯನ್ನು ನೋಡುತ್ತಿದ್ದವರು ಅವರೊಬ್ಬರೇ. ನಾಯಕ ನಾಯಕಿಯ ಕೈ ಹಿಡಿಯುವ ಹೊತ್ತಿನಲ್ಲಿ ಉಳಿದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವರು ಮೂಲೆಯ ಚುಕ್ಕಿಗೆ ಕಾಯುತ್ತಿದ್ದರು. ಹೀಗಾಗಿ ಅವರು ಓಡಿಸಿದ ಯಾವ ಪಿಕ್ಚರಿನ ಕಥೆಯೂ ಅವರಿಗೆ ಪೂರ್ತಿ ಗೊತ್ತಿರಲಿಲ್ಲ.

"ನನ್ನ ಕ್ಯಾಬಿನ್‌ನಲ್ಲಿ ಪಿಕ್ಚರ್ ನಿಂತಿದ್ದೇ ಇಲ್ಲ" ಎನ್ನುವುದು ಮನೆಗೆ ಬಂದವರಿಗೆಲ್ಲ ಅವರು ಹೇಳುವ ಮಾತು. ಬಂದವರಲ್ಲಿ ಹೆಚ್ಚಿನವರು ಅದೇ ಥಿಯೇಟರಿನಲ್ಲಿ ಪಿಕ್ಚರ್ ನಿಂತಾಗ ಕುರ್ಚಿ ಮೇಲೆ ಹತ್ತಿ ಸಿಳ್ಳೆ ಹಾಕಿದವರು. ಆದರೂ ಕೈಯಲ್ಲಿ ಕಾಫಿ ಲೋಟ ಇರುವಾಗ ಯಾರೂ ಆ ಹಳೆಯ ವಿಷಯ ಎತ್ತುತ್ತಿರಲಿಲ್ಲ.

ಹೆಂಡತಿಯೂ ಆಪರೇಟರೇ. ಆಕೆಯದು ಟೆಲಿಫೋನ್ ಎಕ್ಸ್‌ಚೇಂಜು. ಪಿಕ್ಚರಿನ ರೀಲುಗಳ ಪೆಟ್ಟಿಗೆ ಇನ್ನೂ ಬಂದಿಲ್ಲವೆಂದು ದೂರದ ಊರಿಗೆ ಟ್ರಂಕ್ ಕಾಲ್ ಮಾಡಿಸಲು ಥಿಯೇಟರಿನವರು ನಮ್ಮ ಆಪರೇಟರನ್ನೇ ಕೂರಿಸುತ್ತಿದ್ದರು. ಮಾತಿನ ನಡುವೆ ಒಂದು ತಣ್ಣನೆಯ ದನಿ ಬಂದು, "ಮೂರು ನಿಮಿಷ ಆಯ್ತು, ಮುಂದುವರಿಸಲಾ?" ಎಂದು ಕೇಳುತ್ತಿತ್ತು. ಪೆಟ್ಟಿಗೆ ಬಂದ ದಿನವೂ ಇವರು ಪೆಟ್ಟಿಗೆ ಬಂದಿಲ್ಲವೆಂದು ಕಾಲ್ ಹಚ್ಚತೊಡಗಿದಾಗ ಥಿಯೇಟರ್ ಮ್ಯಾನೇಜರಿಗೆ ಅನುಮಾನ ಬಂತು. ಆ ಕಡೆಯ ದನಿಗೆ ಅದಕ್ಕೂ ಮೊದಲೇ ಬಂದಿತ್ತು. ಕೊನೆಗೆ ಮುಂದುವರಿಸಲಾ ಎಂದು ಕೇಳಿದವಳನ್ನೇ ಮದುವೆಯಾಗಿ ಇವರು ಮುಂದುವರಿಸಿದರು. ಒಂದೇ ಮನೆಯಲ್ಲಿ ಇಬ್ಬರು ಆಪರೇಟರುಗಳಾದರೆ ಗಲಿಬಿಲಿಯಾದೀತೆಂದು ಬೀದಿಯವರು ಆಕೆಯನ್ನು ಎಕ್ಸ್‌ಚೇಂಜಮ್ಮ ಎಂದು ಕರೆದರು. ಜೀವಮಾನವೆಲ್ಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದುಡಿದ ಆಕೆಗೆ ಈಗ ಅರವತ್ತು ದಾಟಿದ ಮೇಲೂ ಹೆಡ್‌ಫೋನ್ ಕಿರೀಟದ ಹಾಗೆ ಒಪ್ಪುತ್ತಿತ್ತು.

ಲ್ಯಾಪ್‌ಟಾಪ್ ಮಗಳದ್ದು. ಆಟ ಆಡುವುದಕ್ಕೆಂದೇ ಮಾಡಿದ, ರುಬ್ಬುವ ಕಲ್ಲಿನಷ್ಟು ಭಾರದ, ಕೀಲಿಗಳ ಕೆಳಗೆ ಕೆಂಪು ನೀಲಿ ದೀಪ ಮಿನುಗುವ ಸರಕು. ಅವಳು ಕಾಲೇಜಿನ ದಿನಗಳಲ್ಲಿ ಅದರಲ್ಲಿ ರಾಕ್ಷಸರನ್ನು ಕೊಂದು, ಕೆಲಸಕ್ಕೆ ಸೇರಿದ ಮೇಲೆ ಹೊಸದು ಕೊಂಡು, ಇದನ್ನು ಅಮ್ಮನಿಗೆ ಬಿಟ್ಟಿದ್ದಳು. ಅದರೊಳಗೆ ಲಾರಿ ಓಡಿಸುವ ಒಂದು ಆಟ ಹಾಕಿ, ಮೇಜಿಗೆ ಸಿಕ್ಕಿಸುವ ಪುಟ್ಟ ಸ್ಟಿಯರಿಂಗ್ ಒಂದನ್ನು ತಂದುಕೊಟ್ಟಿದ್ದೂ ಅವಳೇ. ಬೇರೆ ಊರಿನಲ್ಲಿದ್ದ ಚಿಕ್ಕಮ್ಮನಿಗೂ ಅಂಥದ್ದೇ ಒಂದು ಜೊತೆ ಮುಟ್ಟಿಸಿದ್ದಳು.

ಎಲ್ಲ ಶುರುವಾದದ್ದು ಆ ಚಿಕ್ಕಮ್ಮನಿಂದ, ಅಂದರೆ ಆಪರೇಟರ ನಾದಿನಿಯಿಂದ. ಅಕ್ಕತಂಗಿಯರ ತಂದೆ ಲಾರಿ ಡ್ರೈವರಾಗಿದ್ದವರು. ಶಾಲೆಗೆ ರಜೆ ಬಂದರೆ ಎರಡು ಹುಡುಗಿಯರೂ ಅಪ್ಪನ ಪಕ್ಕ ಲಾರಿಯ ಮುಂದಿನ ಸೀಟಿನಲ್ಲಿ. ದೊಡ್ಡವಳು ದೊಡ್ಡವಳಾದ ಮೇಲೆ ಹೆಡ್‌ಫೋನ್ ಹಿಡಿದಳು, ಚಿಕ್ಕವಳು ಸ್ಟಿಯರಿಂಗನ್ನೇ ಹಿಡಿದಳು. ಶಾಲೆಯ ಬಸ್ ಓಡಿಸುತ್ತಿದ್ದ ಅವಳು ಒಂದು ದಿನ ಮಕ್ಕಳನ್ನೆಲ್ಲ ಜೋಪಾನವಾಗಿ ಇಳಿಸಿ, ತಾನು ಇಳಿಯುವಾಗ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡಳು. ಕ್ಲಚ್ ಒತ್ತುವ ಎಡಗಾಲು. ಮೊದಲ ಆಪರೇಷನ್ನಿನಲ್ಲಿ ಮೂಳೆ ಸರಿಯಾಗಿ ಕೂಡಲಿಲ್ಲ. ಎರಡನೆಯದು ಬರುವ ಸೋಮವಾರಕ್ಕೆ ಗೊತ್ತಾಗಿತ್ತು. ಅದಾದ ಮೇಲೆ ಬಸ್ ಓಡಿಸಬಹುದಾ ಎಂದು ಅವಳು ಕೇಳಿದಾಗ ಡಾಕ್ಟರು, ನೋಡೋಣ ಎಂದಿದ್ದರು. ನೋಡೋಣ ಎನ್ನುವ ಮಾತಿನಿಂದ ಯಾರಿಗೂ ನಿದ್ದೆ ಬರುವುದಿಲ್ಲ.

ಹಾಸಿಗೆಯಲ್ಲಿ ಒರಗಿ ಕೂತ ನಾದಿನಿಗೆ ಸಂಜೆಯ ಆ ಒಂದು ಗಂಟೆಯೇ ಹೊರಗಿನ ಗಾಳಿ. ಆಟದಲ್ಲಿ ಆಕ್ಸಿಲರೇಟರು, ಬ್ರೇಕು ಎಲ್ಲ ಸ್ಟಿಯರಿಂಗಿನಲ್ಲೇ ಬೆರಳಿಗೆ ಸಿಗುತ್ತಿದ್ದುದರಿಂದ ಕಾಲಿನ ಹಂಗಿರಲಿಲ್ಲ. ಇಂಟರ್ನೆಟ್ ಮೂಲಕ ಇಬ್ಬರಿಗೂ ಒಂದೇ ರಸ್ತೆ, ಹೆಡ್‌ಫೋನಿನಲ್ಲಿ ಒಬ್ಬರ ದನಿ ಇನ್ನೊಬ್ಬರಿಗೆ. ಮುಂದೆ ತಂಗಿಯ ಲಾರಿ, ಹಿಂದೆ ಅಕ್ಕನ ಲಾರಿ. ಬಯಲು ದಾಟಿ, ಸೇತುವೆ ದಾಟಿ, ಬೆಟ್ಟ ಹತ್ತಿ, ಆ ಕಡೆ ಇಳಿದರೆ ಸಮುದ್ರ, ಬಂದರು. ಆದರೆ ಬಂದರನ್ನು ಇಬ್ಬರೂ ನೋಡಿದ್ದಿಲ್ಲ. ಬೆಟ್ಟದ ಏರು ಶುರುವಾಗಿ ನಾಲ್ಕು ತಿರುವು ಕಳೆಯುವುದರೊಳಗೆ ಅಕ್ಕನ ಲ್ಯಾಪ್‌ಟಾಪ್ ಗರಬಡಿದ ಹಾಗೆ ನಿಂತುಬಿಡುತ್ತಿತ್ತು. ಚಿತ್ರ ಅಲುಗಾಡುತ್ತಿರಲಿಲ್ಲ. ಲಾರಿಯ ಸದ್ದು ಮಾತ್ರ ಎಲ್ಲಿತ್ತೋ ಅಲ್ಲೇ ಸಿಕ್ಕಿಕೊಂಡು ಗ್ರ್ರ್ರ್ ಎಂದು ಎಳೆಯುತ್ತಿತ್ತು. ಆಫ್ ಮಾಡಿ, ಮತ್ತೆ ಆನ್ ಮಾಡಿ, ಅದು ಮೈಮುರಿದು ಏಳುವತನಕ ತಂಗಿ ಬೆಟ್ಟದ ಮೇಲೆ ಲಾರಿ ನಿಲ್ಲಿಸಿಕೊಂಡು ಫೋನ್ ಮಾಡುತ್ತಿದ್ದಳು. ಏಳುವಷ್ಟರಲ್ಲಿ ಊಟದ ಹೊತ್ತಾಗಿರುತ್ತಿತ್ತು.

ಆಪರೇಷನ್ನಿಗೆ ಮುಂಚೆ ಒಂದು ಸಲ, ಭಾನುವಾರ, ಬಂದರಿನ ತನಕ ಅಕ್ಕನ ಜೊತೆ ಹೋಗಿಬರಬೇಕು ಎಂದು ನಾದಿನಿ ಆಸೆಪಟ್ಟಳು. ಅದು ಕಿವಿಗೆ ಬಿದ್ದದ್ದೇ ಆಪರೇಟರು ಆ ಘೋಷಣೆ ಹೊರಡಿಸಿದ್ದು.

ಯಂತ್ರಗಳಿಗೆ ಬರುವುದು ಒಂದೇ ಕಾಯಿಲೆ, ಅದರ ಹೆಸರು ಲೂಸ್ ಕಾಂಟ್ಯಾಕ್ಟ್ ಎಂದು ಆಪರೇಟರು ನಂಬಿದ್ದರು. ಅದಕ್ಕೆ ಅವರ ಕಾಲದ ಮದ್ದು, ಪಕ್ಕೆಗೆ ಒಂದು ಪೆಟ್ಟು. ಮರುದಿನ ಲಾರಿ ಏರಿನಲ್ಲಿ ನಿಂತ ಕೂಡಲೇ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ, ಅಂಗೈಯನ್ನು ಅಳೆದು ತೂಗಿ ಒಂದು ಬಿಟ್ಟರು. ಲ್ಯಾಪ್‌ಟಾಪ್ ಕಮಕ್ ಕಿಮಕ್ ಅನ್ನಲಿಲ್ಲ. ಅದರ ಒಂದು ಕೀಲಿ ಮಾತ್ರ ಟಪ್ಪನೆ ಹಾರಿ ಬೀರುವಿನ ಅಡಿಗೆ ಹೋಯಿತು. ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಒತ್ತಿ ಮಲಗಿ ಹುಡುಕಿದಾಗ, ಎಂದೋ ಕಳೆದುಹೋದ ಹೇರ್‌ಪಿನ್ನುಗಳು, ಒಂದು ಗುಂಡಿ ಮತ್ತು ಕೀಲಿ ಸಿಕ್ಕವು. ಅದು ಹಾರ್ನ್ ಹೊಡೆಯುವ ಕೀಲಿ. ಅಂಟಿಸಿದ ಮೇಲೆ ಹಾರ್ನ್ ಹೊಡೆಯಲು ಶುರುಮಾಡಿದರೆ ನಿಲ್ಲಿಸಲು ಉಗುರಿನಿಂದ ಎತ್ತಬೇಕಾಯಿತು.

ಆಮೇಲೆ ಅವರು ಓದಿಗೆ ಇಳಿದರು. ಫೋನಿನಲ್ಲಿ ಯಾರೋ ಪುಣ್ಯಾತ್ಮ, ಲ್ಯಾಪ್‌ಟಾಪಿನಲ್ಲಿ ಬೇಡದ್ದೆಲ್ಲ ತುಂಬಿಕೊಂಡರೆ ಅದು ಹೀಗೆ ತಡವರಿಸುತ್ತದೆ ಎಂದು ಬರೆದಿದ್ದ. ಆಪರೇಟರು ಕನ್ನಡಕ ಏರಿಸಿ, ತಮಗೆ ಅರ್ಥವಾಗದ ಹೆಸರಿನ ವಸ್ತುಗಳನ್ನೆಲ್ಲ ಒಂದೊಂದಾಗಿ ಅಳಿಸಿದರು. ಅರ್ಥವಾಗದವು ಬಹಳ ಇದ್ದವು. ಸಂಜೆ ಆಟ ಶುರುವಾದಾಗ ಲಾರಿಗೆ ಸದ್ದೇ ಇಲ್ಲ. ಅಷ್ಟು ದೊಡ್ಡ ಹದಿನಾರು ಚಕ್ರದ ಗಾಡಿ ಬೆಕ್ಕಿನ ಹಾಗೆ ಸರಿದುಹೋಗುತ್ತಿತ್ತು.

"ಇದೇನ್ರೀ, ಮೂಕಿ ಪಿಕ್ಚರ್ ಮಾಡಿಬಿಟ್ರಲ್ಲ" ಎಂದು ಎಕ್ಸ್‌ಚೇಂಜಮ್ಮ ಹೆಡ್‌ಫೋನ್ ತೆಗೆದು ನೋಡಿದರು.

ಮೂಕಿಯೂ ಅದೇ ನಾಲ್ಕನೇ ತಿರುವಿನಲ್ಲಿ ನಿಂತಿತು. ಮಗಳಿಗೆ ಫೋನ್ ಮಾಡಿ ಸದ್ದನ್ನು ವಾಪಸು ಹಾಕಿಸಿಕೊಳ್ಳಬೇಕಾಯಿತು. ಅಪ್ಪ ಏನು ಅಳಿಸಿದರು, ಯಾಕೆ ಅಳಿಸಿದರು ಎಂದು ಅವಳು ಕೇಳಿದ್ದಕ್ಕೆ ಆಪರೇಟರು, ಕಸ ಗುಡಿಸುವಾಗ ಸ್ವಲ್ಪ ಕೈತಪ್ಪಿತು ಎಂದರು. ಲ್ಯಾಪ್‌ಟಾಪ್ ನಿಂತುಹೋಗುವ ವಿಷಯ ಮಾತ್ರ ಬಾಯಿಬಿಡಲಿಲ್ಲ. ಅದು ಮಾನದ ಪ್ರಶ್ನೆ. ಹೆಂಡತಿ ಹೇಳಹೊರಟರೆ ಕಣ್ಣಲ್ಲೇ ಕಾಲ್ ಕಟ್ ಮಾಡಿದರು.

ಶುಕ್ರವಾರ ಬೇರೆ ದಾರಿ ಕಾಣದೆ ಅದನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಗೆ ಹೊರಟರು. ಲ್ಯಾಪ್‌ಟಾಪ್ ಅಂಗಡಿಯವನು ಒಳ್ಳೆಯವನೇ. ಕೂರಿಸಿದ, ನೀರು ಕೊಟ್ಟ, ಹಿಂದಿನ ಕಪಾಟಿನಲ್ಲಿ ಸಾಲಾಗಿ ಮಲಗಿದ್ದ ರೋಗಿಗಳನ್ನು ತೋರಿಸಿ, ಮುಂದಿನ ವಾರ ನೋಡ್ತೀನಿ ಸರ್ ಎಂದ. ಮುಂದಿನ ವಾರದಲ್ಲಿ ಈ ಭಾನುವಾರ ಇರಲಿಲ್ಲ. ಆಪರೇಟರು ಚೀಲ ಹೆಗಲಿಗೆ ಏರಿಸಿ ಬಂದ ದಾರಿಗೆ ಬಿದ್ದರು.

ಆ ದಾರಿಯಲ್ಲೇ ಥಿಯೇಟರ್. ಈಗದು ಟೈಲ್ಸ್ ಗೋಡೌನು. ಪೋಸ್ಟರ್ ಅಂಟಿಸುತ್ತಿದ್ದ ಗೋಡೆಗೆ ಬಚ್ಚಲುಮನೆಯ ಬಿಳಿ ಕಲ್ಲುಗಳನ್ನು ಒರಗಿಸಿದ್ದರು. ಟಿಕೆಟ್ ಕೊಡುತ್ತಿದ್ದ ಗೂಡಿನ ಕಂಡಿ ಹಾಗೇ ಇತ್ತು, ಒಂದೇ ಕೈ ಹಿಡಿಸುವಷ್ಟು ಕಂಡಿ. ಅದರೊಳಗೆ ಒಮ್ಮೆಲೇ ಐದು ಕೈ ತೂರುತ್ತಿದ್ದ ಶುಕ್ರವಾರಗಳಿದ್ದವು. ಆಪರೇಟರು ತಲೆಯೆತ್ತಿ ಕ್ಯಾಬಿನ್ ಕಡೆ ನೋಡಿದರು. ರೀಲಿನ ಡಬ್ಬಿ ತೆರೆದಾಗ ಬರುತ್ತಿದ್ದ ಆ ಹುಳಿ ವಾಸನೆ ಎಲ್ಲಿಂದಲೋ ಮೂಗಿಗೆ ಬಂದಂತಾಯಿತು. ಚೀಲದ ಭಾರಕ್ಕೆ ಹೆಗಲು ನೋಯುತ್ತಿದ್ದರೂ ಸ್ವಲ್ಪ ಹೊತ್ತು ಅಲ್ಲೇ ನಿಂತರು.

ನಿಜ ಹೇಳಬೇಕೆಂದರೆ ಪಿಕ್ಚರ್ ನಿಲ್ಲುತ್ತಿತ್ತು. ಹಳೆಯ ಪ್ರಿಂಟ್ ಬಂದ ವಾರ ದಿನಕ್ಕೆ ಎರಡು ಸಲ ನಿಲ್ಲುತ್ತಿತ್ತು. ರೀಲು ಯಂತ್ರದ ಬಾಯಲ್ಲಿ ಸಿಕ್ಕಿಕೊಂಡ ಗಳಿಗೆಯಲ್ಲಿ ಆ ಬಿಸಿಗೆ ನಾಯಕಿಯ ಮುಖದ ನಡುವೆ ಕಂದು ಬಣ್ಣದ ಗುಳ್ಳೆಯೊಂದು ಎದ್ದು, ಹರಡಿ, ಪರದೆಯೆಲ್ಲ ಬೆಳ್ಳಗಾಗುತ್ತಿತ್ತು. ಕೆಳಗೆ ಅಷ್ಟೂ ತಲೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿ ಕ್ಯಾಬಿನ್ನಿನ ಕಿಂಡಿಯನ್ನು ನೋಡುತ್ತಿದ್ದವು. ಇವರು ರೀಲು ಕತ್ತರಿಸಿ ಅಂಟಿಸುವಷ್ಟು ಹೊತ್ತು ಸಿಳ್ಳೆ, ಬೈಗುಳ, ತಾಯಂದಿರು ಮಕ್ಕಳನ್ನು ಗದರುವ ಸದ್ದು. ಅಂಟಿಸಿ ಬಿಟ್ಟಾಗ ನಾಯಕಿ ಅರ್ಧ ಮಾತು ನುಂಗಿಕೊಂಡೇ ಮುಂದಕ್ಕೆ ಹೋಗುತ್ತಿದ್ದಳು. ಆಗ ಬೇಡವೆನಿಸಿದ್ದ ಆ ಗಲಾಟೆ ಕೂಡ ಈಗ ಟೈಲ್ಸ್ ಗೋಡೌನಿನ ಮುಂದೆ ನಿಂತವರಿಗೆ ಸವಿಯಾಗಿ ಕೇಳಿಸಿತು. ಗೋಡೌನಿನ ಕಾವಲುಗಾರ ಬಂದು, ಬಚ್ಚಲಿಗಾ ಅಡುಗೆಮನೆಗಾ ಎಂದು ವಿಚಾರಿಸಿದ ಮೇಲೆ ಅವರು ಮನೆಯ ಕಡೆ ನಡೆದರು.

ಶನಿವಾರ ಎಕ್ಸ್‌ಚೇಂಜಮ್ಮ ತರಕಾರಿಗೆ ಹೋಗಿದ್ದಾಗ ಕೊನೆಯ ಪ್ರಯತ್ನ ನಡೆಯಿತು. ಪರದೆಗೆ ಸಂಬಂಧಪಟ್ಟ ಯಾವುದೋ ಸೆಟ್ಟಿಂಗಿನ ಬಾಗಿಲು ತೆರೆದು, ಇದ್ದಬದ್ದದ್ದನ್ನೆಲ್ಲ ತಿರುಚಿ, ಹಿಂದಕ್ಕೆ ಬರಲು ದಾರಿ ತಪ್ಪಿ, ಸಿಟ್ಟಿನಲ್ಲಿ ಸಿಕ್ಕ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರು. ಇಡೀ ಚಿತ್ರ ಗಿರಕ್ಕನೆ ತಿರುಗಿ ತಲೆಕೆಳಗಾಗಿ ನಿಂತಿತು. ಆಕಾಶ ಕೆಳಗೆ, ರಸ್ತೆ ಮೇಲೆ, ಲಾರಿ ಕಾಲು ಮೇಲಕ್ಕೆತ್ತಿ ಸತ್ತ ಜಿರಳೆಯ ಹಾಗೆ. ಕ್ಯಾಬಿನ್ನಿಗೆ ಹೊಸದಾಗಿ ಸೇರಿದ್ದಾಗ ಒಂದು ರೀಲನ್ನು ತಲೆಕೆಳಗಾಗಿ ಹಾಕಿ, ದೇವರ ಪಾತ್ರಧಾರಿಯನ್ನು ಕಿರೀಟದ ಮೇಲೆ ನಡೆಸಿದ ದಿನ ಕೂಡ ಹೀಗೇ ಆಗಿತ್ತು. ಯಾವ ಕೀಲಿ ಒತ್ತಿದ್ದೆಂದು ನೆನಪಿಲ್ಲ. ಮತ್ತಷ್ಟು ಒತ್ತಿದರು. ಹಾರ್ನ್ ಮಾತ್ರ ಬಡಿದುಕೊಂಡಿತು.

ಆಗಷ್ಟೇ ಮನೆಗೆ ಬಂದ ಹೆಂಡತಿ ತರಕಾರಿ ಚೀಲ ಇಳಿಸಿ ನೋಡಿದರು. ಬೈಯಲಿಲ್ಲ. ತಂಗಿ ಅಲ್ಲಿ ಕಾಯುತ್ತಿರುವ ಹೊತ್ತು. ಇನ್ನು ಉಳಿದದ್ದು ಒಂದೇ ದಾರಿ ಎಂದು ಆಕೆ ಲ್ಯಾಪ್‌ಟಾಪನ್ನು ಎತ್ತಿ ಬುಡಮೇಲು ಮಾಡಿದರು. ಪರದೆಯ ಮೇಲಂಚು ಮೇಜಿನ ಮೇಲೆ ಕೂತಿತು. ಕೀಲಿಗಳಿರುವ ಭಾಗ ಮನೆ ಮುಂದಿನ ಚಾವಣಿಯ ಹಾಗೆ ಮೇಲಿನಿಂದ ಮುಂದಕ್ಕೆ ಚಾಚಿಕೊಂಡಿತು. ಅದು ಬೀಳದಂತೆ ಎರಡೂ ಮೂಲೆಗೆ ಒಂದೊಂದು ಡಬ್ಬ ಕೊಟ್ಟರು, ಒಂದು ಸಕ್ಕರೆಯದು, ಒಂದು ಕಾಫಿಪುಡಿಯದು. ನೋಡಲು ಪುಟ್ಟ ಥಿಯೇಟರಿನ ಹಾಗಿತ್ತು. ಆಕೆ ಬಗ್ಗಿ, ಡಬ್ಬಗಳ ನಡುವೆ ಇಣುಕುತ್ತ, ಸ್ಟಿಯರಿಂಗ್ ಹಿಡಿದರು.

ಬಯಲು ಕಳೆಯಿತು. ಸೇತುವೆ ಕಳೆಯಿತು. ಏರು ಬಂತು. ಮೂರನೇ ತಿರುವಿನಲ್ಲಿ ಆಪರೇಟರು ಅಭ್ಯಾಸಬಲದಿಂದ ಆಫ್ ಮಾಡುವ ಗುಂಡಿಯ ಹತ್ತಿರ ಬೆರಳು ತಂದರು. ನಾಲ್ಕನೇ ತಿರುವು ಬಂತು, ಹೋಯಿತು. ಐದನೆಯದೂ ಹೋಯಿತು. ಹೆಡ್‌ಫೋನಿನೊಳಗಿಂದ ನಾದಿನಿ ಕೂಗಿದ್ದು ಆಪರೇಟರಿಗೂ ಕೇಳಿಸಿತು. ಕತ್ತು ನೋವಾಗಿ ಎಕ್ಸ್‌ಚೇಂಜಮ್ಮನೇ ನಿಲ್ಲಿಸುವ ತನಕ ಲಾರಿ ನಿಲ್ಲಲಿಲ್ಲ.

ಆಪರೇಟರು ಎದೆಯುಬ್ಬಿಸಿದರು. ತಲೆಕೆಳಗಾಗಿಸುವುದೇ ನನ್ನ ಚಿಕಿತ್ಸೆಯಾಗಿತ್ತು, ಮೊದಲೇ ಹೇಳಿದರೆ ನಂಬುವವರಿಲ್ಲವೆಂದು ಸುಮ್ಮನಿದ್ದೆ ಎಂದು ವಿವರಣೆ ಶುರುಮಾಡಿದರು. ಹೆಂಡತಿ ಅದಕ್ಕೆ ಕಿವಿಗೊಡದೆ, ಈಗ ಮೇಲಕ್ಕೆ ಬಂದಿದ್ದ ಲ್ಯಾಪ್‌ಟಾಪಿನ ತಳದ ಮೇಲೆ ಅಂಗೈ ಹಿಡಿದು ನಿಂತಿದ್ದರು. ಅಲ್ಲಿದ್ದ ಜಾಲರಿಯಂಥ ತೂತುಗಳಿಗೆ ಒಂದು ಕಾಗದದ ಚೂರು ಹಿಡಿದರು. ಅದು ಪಟ್ಟನೆ ಅಂಟಿಕೊಂಡಿತು.

"ಇದು ಇಲ್ಲಿಂದ ಉಸಿರು ಎಳ್ಕೊಳ್ಳುತ್ತೆ ಕಣ್ರೀ. ಅಪ್ಪನ ಲಾರಿ ರೇಡಿಯೇಟರಿಗೆ ಗೋಣಿಚೀಲ ಅಡ್ಡ ಬಿದ್ರೆ ಏರಿನಲ್ಲಿ ಕುದ್ದು ನಿಂತುಬಿಡ್ತಿತ್ತು. ಇಷ್ಟು ದಿನ ಇದರ ಅಡಿಗೆ ಏನಿತ್ತು?"

ಇಬ್ಬರೂ ಮೇಜಿನ ಕಡೆ ನೋಡಿದರು. ಅಲ್ಲಿ ಹರಡಿತ್ತು, ಕಡುಗೆಂಪು ಬಣ್ಣದ, ಬೆರಳು ಹೂತುಹೋಗುವಷ್ಟು ಮೆತ್ತನೆಯ ಮಖಮಲ್ಲಿನ ತುಂಡು.

ಅದು ಥಿಯೇಟರಿನ ಪರದೆಯ ಮುಂದೆ ಇಳಿಬಿದ್ದಿರುತ್ತಿದ್ದ ದೊಡ್ಡ ತೆರೆಯದು. ದೀಪ ಆರಿ, ವಾದ್ಯ ನುಡಿದು, ಆ ತೆರೆ ಅಲೆಅಲೆಯಾಗಿ ಮೇಲೇರುವಾಗ ಸಭೆಯೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ಅದನ್ನು ಏರಿಸುವ ಗುಂಡಿ ಕ್ಯಾಬಿನ್ನಿನಲ್ಲಿತ್ತು. ಥಿಯೇಟರ್ ಮುಚ್ಚಿದ ದಿನ ಹಂಚಿಕೊಳ್ಳುವವರು ಕುರ್ಚಿ, ಫ್ಯಾನು ಎಂದು ಹೊತ್ತೊಯ್ದರೆ ಆಪರೇಟರು ಆ ತೆರೆಯಿಂದ ಒಂದು ತುಂಡು ಕತ್ತರಿಸಿಕೊಂಡು ಬಂದಿದ್ದರು. ಲ್ಯಾಪ್‌ಟಾಪ್ ಮನೆಗೆ ಬಂದಾಗ, ಪರದೆ ಇರುವ ವಸ್ತು ಬರೀ ಮರದ ಮೇಲೆ ಕೂರಬಾರದೆಂದು ಅದನ್ನು ಹೊರತೆಗೆದು ಹಾಸಿದ್ದೂ ಅವರೇ. ಪ್ರೀತಿಯಿಂದ ಹಾಸಿದ ಆ ಹಾಸಿಗೆಯಲ್ಲೇ ಅದು ಉಸಿರುಕಟ್ಟುತ್ತಿತ್ತು. ಕಾರ್ಬನ್ ಕಡ್ಡಿಯ ಬಿಸಿಯ ಜೊತೆ ಬಾಳಿದ ಮನುಷ್ಯನಿಗೆ ಬಿಸಿಯ ಯೋಚನೆಯೇ ಬಂದಿರಲಿಲ್ಲ.

ತಂಗಿಯನ್ನು ಕೇಳಿ ಎಕ್ಸ್‌ಚೇಂಜಮ್ಮ ಚಿತ್ರವನ್ನು ನೆಟ್ಟಗೆ ಮಾಡಿಕೊಂಡರು. ಒಳಗೂ ಏನಾದರೂ ಸೇರಿರಬಹುದು, ತೆರೆದು ನೋಡುತ್ತೇನೆ ಎಂದು ಆಪರೇಟರು ತಗ್ಗಿದ ದನಿಯಲ್ಲಿ ಅಂದರು. ಈ ಸಲ ಘೋಷಣೆ ಇರಲಿಲ್ಲ. ಆಫ್ ಮಾಡಿ, ವೈರು ಕಿತ್ತು, ತಳದ ಸ್ಕ್ರೂಗಳನ್ನು ಬಿಚ್ಚಿ ತಟ್ಟೆಯಲ್ಲಿ ಇಟ್ಟುಕೊಂಡರು. ಒಳಗಿನ ಎರಡು ಪುಟ್ಟ ಫ್ಯಾನುಗಳ ಬಾಯಿಗೆ ಕೆಂಪು ಜುಂಗಿನ ಕಂಬಳಿಯೇ ಕಟ್ಟಿಕೊಂಡಿತ್ತು. ಮೆತ್ತನೆಯ ಬ್ರಷ್ಷಿನಿಂದ, ರೀಲಿನ ಧೂಳು ತೆಗೆಯುತ್ತಿದ್ದ ಅದೇ ತಾಳ್ಮೆಯಿಂದ, ಅವರು ಒಂದೊಂದೇ ಎಳೆ ಬಿಡಿಸಿದರು. ಕೊನೆಯಲ್ಲಿ ಒಂದೇ ಒಂದು ಸಲ ಬಾಯಿಂದ ಊದಿದರು. ಒಳಗಿದ್ದದ್ದು ಎದ್ದು ಮುಖಕ್ಕೆ ಬಂತು. ಮುಚ್ಚಳ ಮುಚ್ಚಿದ ಮೇಲೆ ತಟ್ಟೆಯಲ್ಲಿ ಒಂದು ಸ್ಕ್ರೂ ಉಳಿಯಿತು. ಅದನ್ನು ಸದ್ದಿಲ್ಲದೆ ಜೇಬಿಗೆ ಇಳಿಸಿದರು.

"ಏನಾದ್ರೂ ಸಿಕ್ತಾ ಒಳಗೆ?" ಎಂದು ಹೆಂಡತಿ ಕೇಳಿದರು.

"ಹೆಚ್ಚೇನಿಲ್ಲ. ಅಲ್ಪಸ್ವಲ್ಪ ಧೂಳು."

"ಮೀಸೆ ಒರೆಸ್ಕೊಳ್ಳಿ. ಕುಂಕುಮ ಬಳಿದ ಹಾಗಿದೆ."

ಭಾನುವಾರ ಲ್ಯಾಪ್‌ಟಾಪ್ ಎರಡು ಮರದ ಪಟ್ಟಿಗಳ ಮೇಲೆ, ಅಡಿಯಲ್ಲಿ ಗಾಳಿಯಾಡುವಂತೆ, ನೆಟ್ಟಗೆ ಕೂತಿತು. ಆಪರೇಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೆಂಡತಿಯ ಹಿಂದೆ ಕೈಕಟ್ಟಿ ನಿಂತರು. ಬಯಲು, ಸೇತುವೆ, ಏರು. ನಾಲ್ಕನೇ ತಿರುವು ಬಂದಾಗ ಹೆಂಡತಿಯ ಹೆಗಲು ಬಿಗಿಯಾದದ್ದು ಕಂಡಿತು. ಲಾರಿ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹೋಯಿತು. ಅಕ್ಕತಂಗಿ ಇಬ್ಬರೂ ರಸ್ತೆಯಲ್ಲೇ ಮುಳುಗಿಹೋಗಿದ್ದರು. ಹೆಡ್‌ಫೋನಿನಲ್ಲಿ ಮಾತಿಲ್ಲ, ಕತೆಯಿಲ್ಲ, ಇಂಜಿನ್ನಿನ ಸದ್ದು ಮಾತ್ರ. ಹೊಸ ಪ್ರಿಂಟಿನ ಪಿಕ್ಚರ್ ಓಡುವಾಗ ಸಭೆ ಹೀಗೇ ಇರುತ್ತಿತ್ತು. ಆಪರೇಟರು ತುಂಬ ದಿನಗಳ ಮೇಲೆ ತಮ್ಮ ಮೇಲೆ ತಾವೇ ಸಂತೋಷಪಟ್ಟರು.

ಇನ್ನೇನು ಬೆಟ್ಟದ ನೆತ್ತಿ ಬರಬೇಕು, ಅಷ್ಟರಲ್ಲಿ ಮುಂದಿದ್ದ ತಂಗಿಯ ಲಾರಿ ನಿಧಾನವಾಯಿತು. ರಸ್ತೆಯ ಅಂಚಿಗೆ ಸರಿಯಿತು. ನಿಂತೇಬಿಟ್ಟಿತು.

"ಅವಳದ್ದೂ ಕೆಟ್ಟಿತಾ?" ಎಂದು ಆಪರೇಟರು ಮುಂದಕ್ಕೆ ಬಾಗಿದರು. ಅವಳ ಲ್ಯಾಪ್‌ಟಾಪಿನ ಅಡಿಗೂ ಬಟ್ಟೆ ಇದೆಯಾ ಕೇಳು, ತಕ್ಷಣ ಎತ್ತಿ ಹಿಡಿಯಲು ಹೇಳು ಎಂದು ಒಂದೇ ಉಸಿರಿನಲ್ಲಿ ಸಲಹೆ ಸುರಿಸಿದರು.

ಎಕ್ಸ್‌ಚೇಂಜಮ್ಮ ಕೈಯೆತ್ತಿ ತಡೆದು, ತಂಗಿಯ ಮಾತು ಕೇಳಿಸಿಕೊಂಡರು.

"ಕೆಟ್ಟಿಲ್ಲ. ಅವಳೇ ನಿಲ್ಲಿಸಿದ್ದಾಳೆ. ನಾಳೆಗೆ ಭಯ ಆಗ್ತಿದೆಯಂತೆ."

ಆಕೆಯೂ ತಮ್ಮ ಲಾರಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಪರದೆಯ ಮೇಲೆ ಎರಡು ಲಾರಿಗಳ ಹಳದಿ ದೀಪಗಳು ಮಿನುಗುತ್ತಿದ್ದವು. ಬೆಟ್ಟದ ಮೇಲೆ ಕಂಪ್ಯೂಟರಿನ ಮೋಡ ಒಂದೇ ರೀತಿ ತೇಲುತ್ತಿತ್ತು. ಇಲ್ಲಿ ಅಕ್ಕ ಸ್ಟಿಯರಿಂಗ್ ಬಿಟ್ಟು, ಎರಡೂ ಕೈಯಿಂದ ಹೆಡ್‌ಫೋನ್ ಒತ್ತಿಹಿಡಿದು ತಂಗಿಯ ಮಾತು ಕೇಳುತ್ತಿದ್ದರು. ಹೂಂ, ಹೂಂ, ಏನೂ ಆಗಲ್ಲ ಕಣೇ, ನಾನು ಬರ್ತೀನಿ ಬೆಳಿಗ್ಗೆ, ಬಾಗಿಲಲ್ಲೇ ಇರ್ತೀನಿ. ಆಪರೇಟರು ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಮಾತು ಮುಗಿದು, ಎರಡು ಲಾರಿಗಳೂ ಬೆಟ್ಟ ಇಳಿದು, ಬಂದರು ಸೇರಿದ್ದು ಬೀದಿಯ ದೀಪ ಹತ್ತುವ ಹೊತ್ತಿಗೆ. ಸಮುದ್ರ ಹೇಗಿತ್ತು ಎಂದು ಕೇಳಿದ್ದಕ್ಕೆ ಹೆಂಡತಿ, ನೀಲಿಯಾಗಿತ್ತು ಎಂದಷ್ಟೇ ಹೇಳಿದರು.

ಆಪರೇಷನ್ ಚೆನ್ನಾಗಿ ಆಯಿತು. ಮೂಳೆ ಕೂಡಿತು. ಇನ್ನು ಕೆಲವು ತಿಂಗಳು ತಾಳಿದರೆ ಕ್ಲಚ್ ಒತ್ತಬಹುದು ಎಂದು ಡಾಕ್ಟರು ಈ ಸಲ ನೋಡೋಣ ಎನ್ನದೆ ಹೇಳಿದರು. ನಾದಿನಿ ಮನೆಗೆ ಬಂದು ಹಾಸಿಗೆಯಲ್ಲಿ ಒರಗಿ ಕೂತಳು, ಸಂಜೆಯ ಲಾರಿಗಳು ಮತ್ತೆ ಹೊರಟವು. ಈಗ ದಿನಾ ಬಂದರು, ದಿನಾ ಸಮುದ್ರ. ಎಲ್ಲೂ ತಡೆಯಿಲ್ಲ. ಆಪರೇಟರು ಬೀದಿಯವರಿಗೆಲ್ಲ ಇದನ್ನು ತಿಳಿಸಿದರು. ಮಖಮಲ್ಲಿನ ಭಾಗವನ್ನು ಮಾತ್ರ ಕತ್ತರಿಸಿ, ಉಳಿದದ್ದನ್ನು ಅಂಟಿಸಿಯೇ ಹೇಳಿದರು.

ಹಾಗಿರುವಾಗ ಒಂದು ಮಧ್ಯಾಹ್ನ ನಾದಿನಿ ನೇರವಾಗಿ ಅವರಿಗೇ ಫೋನ್ ಮಾಡಿದಳು.

"ಭಾವ, ನನ್ನ ಲ್ಯಾಪ್‌ಟಾಪಿಂದು ಒಂದು ತೊಂದರೆ. ನಿಮ್ಮಿಂದಲೇ ಆಗಬೇಕು."

ಆಪರೇಟರು ಕೂತಲ್ಲಿಂದ ಎದ್ದರು. ಹೆಂಡತಿಗೆ ಕೇಳಿಸಲೆಂದು ಫೋನನ್ನು ಸ್ಪೀಕರಿಗೆ ಹಾಕಿ, ಗಂಟಲು ಸರಿಮಾಡಿಕೊಂಡು, ಗಾಬರಿಯಾಗಬೇಡ, ಏನಾಗುತ್ತಿದೆ ಬಿಡಿಸಿ ಹೇಳು ಎಂದರು.

"ಎಲ್ಲೂ ನಿಲ್ತಾನೇ ಇಲ್ಲ ಭಾವ. ಅಕ್ಕಂದೂ ನಿಲ್ಲಲ್ಲ, ನಂದೂ ನಿಲ್ಲಲ್ಲ. ಮೊದಲಾದ್ರೆ ಅದು ನಿಂತು ಏಳೋ ತನಕ ಇಬ್ರೂ ಹೊಟ್ಟೆ ತುಂಬ ಮಾತಾಡ್ತಿದ್ವಿ. ಈಗ ಬರೀ ರಸ್ತೆ ನೋಡೋದೇ ಆಯ್ತು. ಒಂದ್ಸಲ ಬಂದು ಕೈಯಿಟ್ಟು ಹೋಗ್ತೀರಾ? ನೀವು ಕೈಯಿಟ್ಟರೆ ಸಾಕು, ಎಂಥದ್ದಾದ್ರೂ ನಿಂತುಹೋಗುತ್ತೆ ಅಂತ ಅಕ್ಕ ಹೇಳಿದ್ಲು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಪರೇಟರು ಸ್ಪೀಕರನ್ನು ತೆಗೆದು ಫೋನನ್ನು ಕಿವಿಗೆ ಇಟ್ಟುಕೊಂಡರು. ಬೆಳಗಿನ ಬಸ್ಸಿಗೆ ಬರಲಾ, ಮಧ್ಯಾಹ್ನದ್ದಕ್ಕಾ ಎಂದು ಕೇಳಿದರು.